ಊರ ಶಾಲೆಯ ಲೆಕ್ಕ ನೋಡುವುದು ಹೇಗೆ

ನನ್ನದು ಹಿಟ್ಟಿನ ಗಿರಣಿ. ಚಳ್ಳಕೆರೆ ತಾಲ್ಲೂಕಿನ ಒಂದು ಊರು. ಆಂಧ್ರದ ಗಡಿ ಹತ್ತಿರ, ಮಳೆ ದೂರ. ರಾಗಿ, ಜೋಳ ಹಾಕಿಸಲು ಬಂದವರು ಹಿಟ್ಟಿನ ಬಿಸಿ ಆರುವ ತನಕ ಜಗಲಿಯ ಮೇಲೆ ಕೂರುತ್ತಾರೆ. ಯಾರ ಕುರಿ ಯಾರ ಶೇಂಗಾ ಹೊಲಕ್ಕೆ ನುಗ್ಗಿತು, ಯಾರ ಮಗ ಬೆಂಗಳೂರಿನಿಂದ ಹಣ ಕಳಿಸಲಿಲ್ಲ ಎಂಬುದೆಲ್ಲ ಜರಡಿ ಹಿಡಿಯುವುದು ಅಲ್ಲೇ. ಮೂರು ವರ್ಷದ ಹಿಂದೆ ಒಬ್ಬ ಅಜ್ಜಿ, ಮೊರದಲ್ಲಿ ರಾಗಿ ಕೇರುತ್ತಲೇ, “ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಇಲ್ಲವಂತೆ ಕಣಮ್ಮ, ಇನ್ನೆರಡು ವರ್ಷಕ್ಕೆ ಬೀಗ” ಎಂದರು. ಆಗಷ್ಟೇ ನನ್ನನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷೆ ಮಾಡಿದ್ದರು. ನನ್ನ ಯೋಗ್ಯತೆ ನೋಡಿ ಮಾಡಿದರು ಅಂತ ತಿಳಿಯಬೇಡಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟಾರೆ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ದಿನ ಸಭೆಗೆ ಬಂದಿದ್ದ ಹೆಂಗಸರಲ್ಲಿ “ಬೇಡ” ಎನ್ನಲು ತಡಮಾಡಿದವಳು ನಾನೊಬ್ಬಳೇ.

ಮರುದಿನ ಮುಖ್ಯ ಶಿಕ್ಷಕರನ್ನು ಕೇಳಿದೆ. “58 ಮಕ್ಕಳಿದ್ದಾರೆ ಮೇಡಂ” ಎಂದರು. ಒಂದು ಗುರುವಾರ ಪ್ರಾರ್ಥನೆ ಹೊತ್ತಿಗೆ ಹೋಗಿ ಸಾಲಿನಲ್ಲಿ ನಿಂತವರನ್ನು ಎಣಿಸಿದೆ. 43. ಬಿಸಿಯೂಟದ ವಹಿಯಲ್ಲಿ ಅದೇ ದಿನ ಊಟ ಮಾಡಿದವರು 51 ಎಂದಿತ್ತು. ಒಂದೇ ಶಾಲೆ, ಒಂದೇ ದಿನ, ಮೂರು ಲೆಕ್ಕ, ಅಜ್ಜಿಯದೂ ಸೇರಿದರೆ ನಾಲ್ಕು. ಗಿರಣಿಯಲ್ಲಿ ಹೀಗಾದರೆ ನಾನು ಮೊದಲು ತಕ್ಕಡಿಯನ್ನು ನೋಡುತ್ತೇನೆ. ಇಲ್ಲಿಯೂ ಅದನ್ನೇ ಮಾಡಿದೆ. ಆಗ ಕಲಿತದ್ದನ್ನು, ನಿಮ್ಮ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ನೀವೂ ಮಾಡಿಕೊಳ್ಳುವ ಹಾಗೆ, ಬರೆಯುತ್ತಿದ್ದೇನೆ. ಬೇಕಾಗುವುದು ಒಂದು ಉದ್ದನೆಯ ಲೆಕ್ಕದ ಪುಸ್ತಕ, ಪೆನ್ಸಿಲ್, ನಾಲ್ಕು ಭಾನುವಾರ. ಪೆನ್ನು ಬೇಡ, ಬಹಳ ಅಳಿಸಬೇಕಾಗುತ್ತದೆ.

ಮೊದಲು ಪುಸ್ತಕಗಳನ್ನು ಕೇಳುವ ರೀತಿ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಟಿ.ಸಿ. (ವರ್ಗಾವಣೆ ಪತ್ರ) ಕಡತ, ಬಿಸಿಯೂಟದ ವಹಿ, ಈ ನಾಲ್ಕು ಸಾಕು. ಸಮಿತಿಯ ಸದಸ್ಯರಾಗಿದ್ದರೆ ಶಾಲೆಯ ಕೆಲಸ ನೋಡಿಕೊಳ್ಳುವುದು ನಿಮಗೆ ಕಾಯ್ದೆಯೇ ಕೊಟ್ಟ ಹೊಣೆ. ಆದರೂ ದಾಳಿಗೆ ಬಂದವರಂತೆ ಹೋಗಬೇಡಿ. ನಾನು ಮೊದಲ ಸಲ ಹಾಗೇ ಹೋದೆ, ಜೊತೆಗೆ ಇಬ್ಬರು ಗಂಡಸರನ್ನು ಕರೆದುಕೊಂಡು. ಮೇಷ್ಟರು ಬೀರುವಿನ ಕೀ ಸಿಗುತ್ತಿಲ್ಲ ಎಂದರು. ಮುಂದಿನ ವಾರ ಒಬ್ಬಳೇ ಹೋದೆ. “ಸರ್, ಊರಿನಲ್ಲಿ ಶಾಲೆ ಖಾಲಿ ಅಂತ ಮಾತಾಡುತ್ತಿದ್ದಾರೆ. ಅವರಿಗೆ ಉತ್ತರ ಕೊಡಲು ನನಗೆ ಲೆಕ್ಕ ಬೇಕು” ಎಂದೆ. ಕೀ ಅವರ ಜೇಬಿನಲ್ಲೇ ಇತ್ತು. ಪಾಪ, ಅವರಿಗೂ ಯಾರಾದರೂ ಉತ್ತರ ಕೊಡಲಿ ಎಂದೇ ಇತ್ತು.

ಸಮಿತಿಯಲ್ಲಿ ಇಲ್ಲದವರು ಮೊಬೈಲಿನಲ್ಲೇ ಶುರು ಮಾಡಬಹುದು. ದೇಶದ ಶಾಲೆಗಳ ಮಾಹಿತಿ ಸೇರಿಸಿಡುವ ಸರ್ಕಾರಿ ವ್ಯವಸ್ಥೆಗೆ ಯು-ಡೈಸ್ ಎನ್ನುತ್ತಾರೆ, ಅದರಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ ಶಾಲೆಗಳದ್ದು 29ರಿಂದ ಶುರು. ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ಬ್ಲಾಕ್, ಮೂರು ಊರು, ಕೊನೆಯ ಎರಡು ಶಾಲೆ. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ಮಕ್ಕಳು ಎಷ್ಟು, ಶಿಕ್ಷಕರು ಎಷ್ಟು, ಶೌಚಾಲಯ ಇದೆಯೋ ಇಲ್ಲವೋ ಎಲ್ಲ ಬರುತ್ತದೆ. ಅದು ಸೆಪ್ಟೆಂಬರ್ 30ರ ಲೆಕ್ಕ ಎಂಬುದು ನೆನಪಿರಲಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕುವ ದಾರಿಯೂ ಇದೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಅರ್ಜಿ ಹಾಕಿದ ದಿನದಿಂದ ನೀವು ಶಾಲೆಗೆ ಹೊರಗಿನವರಾಗುತ್ತೀರಿ, ಮೂವತ್ತು ದಿನ ಕಳೆದು ಸಿಗುವುದು ಇದೇ ನಾಲ್ಕು ಪುಸ್ತಕದ ಜೆರಾಕ್ಸ್.

ಈಗ ಮುಖ್ಯ ಕೆಲಸ. ಎಲ್ಲರೂ ಮಾಡುವ ತಪ್ಪೆಂದರೆ, ಹೋದ ವರ್ಷ ಒಟ್ಟು ಎಷ್ಟು, ಈ ವರ್ಷ ಒಟ್ಟು ಎಷ್ಟು ಎಂದು ಕಳೆಯುವುದು. ಏನೂ ತಿಳಿಯುವುದಿಲ್ಲ. ಹೋದ ವರ್ಷದ ಆರನೇ ತರಗತಿಯನ್ನು ಈ ವರ್ಷದ ಆರನೇ ತರಗತಿಯ ಜೊತೆ ಹೋಲಿಸುವುದು ಇನ್ನೂ ದೊಡ್ಡ ತಪ್ಪು. ಅವರು ಬೇರೆ ಮಕ್ಕಳು, ಇವರು ಬೇರೆ ಮಕ್ಕಳು. ಒಂದು ಗುಂಪನ್ನು ಹಿಡಿದುಕೊಳ್ಳಿ, ಬಿಡಬೇಡಿ. ನಾನು 2019-20ರಲ್ಲಿ ಒಂದನೇ ತರಗತಿ ಸೇರಿದವರನ್ನು ಹಿಡಿದೆ, ನನ್ನ ಮಗಳು ಅದರಲ್ಲಿದ್ದಳು ಎಂಬ ಕಾರಣಕ್ಕೆ. ಪುಸ್ತಕದ ಎಡಬದಿಗೆ ಒಂದರ ಕೆಳಗೆ ಒಂದು ಹೆಸರು. ಮೇಲೆ ಉದ್ದಕ್ಕೂ ವರ್ಷಗಳು, 2019-20ರಿಂದ 2025-26ರವರೆಗೆ ಏಳು ಮನೆ. ಮಗು ಆ ವರ್ಷ ನಮ್ಮ ಶಾಲೆಯಲ್ಲಿದ್ದರೆ ಒಂದು ಗೆರೆ. ಇಲ್ಲದಿದ್ದರೆ ಎಲ್ಲಿಗೆ ಹೋಯಿತು ಎಂದು ಒಂದೇ ಪದ. ಹೊಸದಾಗಿ ಬಂದವರ ಹೆಸರನ್ನು ಕೆಳಗೆ ಸೇರಿಸುತ್ತಾ ಹೋಗಿ.

ನಮ್ಮ ಗುಂಪಿನಲ್ಲಿ ಒಂದನೇ ತರಗತಿಗೆ 14 ಮಕ್ಕಳು ಸೇರಿದ್ದರು. ಏಳನೇ ತರಗತಿಯಲ್ಲಿ 9. “ಐದು ಮಕ್ಕಳು ಬಿಟ್ಟರು” ಎಂದು ವರದಿಯಲ್ಲಿ ಬರೆಯುತ್ತಾರೆ. ಹೆಸರು ಬರೆದು ನೋಡಿದರೆ ಹೋದವರು ಎಂಟು, ನಡುವೆ ಬಂದವರು ಮೂರು. ಹೋದ ಎಂಟರಲ್ಲಿ ಇಬ್ಬರು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ, ಒಬ್ಬಳು ಆದರ್ಶ ವಿದ್ಯಾಲಯಕ್ಕೆ, ಮೂವರು ಹೋಬಳಿಯ ಖಾಸಗಿ ಶಾಲೆಯ ವ್ಯಾನ್ ಹತ್ತಿದವರು. ಒಬ್ಬನನ್ನು ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವಾಗ ಕರೆದುಕೊಂಡು ಹೋದರು. ಇನ್ನೊಬ್ಬಳು ಅಜ್ಜಿ ಮನೆಗೆ. ಬಂದ ಮೂವರಲ್ಲಿ ಒಬ್ಬ ಬೆಂಗಳೂರಿನಿಂದ ಊರಿಗೆ ಮರಳಿದವನು, ಇಬ್ಬರು ಪಕ್ಕದ ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ಮುಗಿಸಿ ಬಂದವರು.

“ಎಲ್ಲಿಗೆ ಹೋಯಿತು” ಎಂಬ ಆ ಒಂದು ಪದ ಟಿ.ಸಿ. ಕಡತದಲ್ಲಿ ಅರ್ಧ ಸಿಗುತ್ತದೆ. ಉಳಿದರ್ಧ ಶಿಕ್ಷಣ ಇಲಾಖೆ ಮಕ್ಕಳ ವಿವರ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಇರಬೇಕು, ಪ್ರತಿ ಮಗುವಿಗೂ ಅದರಲ್ಲಿ ಒಂದು ಸಂಖ್ಯೆ ಇದೆ. ಬೇರೆ ಸರ್ಕಾರಿ ಶಾಲೆಗೆ ಸೇರಿದರೂ ಖಾಸಗಿಗೆ ಸೇರಿದರೂ ಅದೇ ಸಂಖ್ಯೆ ನಡೆಯುತ್ತದೆ. ನನಗೆ ಬಹುಪಾಲು ಸಿಕ್ಕಿದ್ದು ಜಗಲಿಯಲ್ಲಿ. ನಿಮ್ಮ ಊರಿನಲ್ಲಿ ಗಿರಣಿ ಇಲ್ಲದಿದ್ದರೆ ಹಾಲಿನ ಡೇರಿ ಇರುತ್ತದೆ, ನ್ಯಾಯಬೆಲೆ ಅಂಗಡಿ ಇರುತ್ತದೆ. ತಿಂಗಳಿಗೊಮ್ಮೆ ಪ್ರತಿ ಮನೆಯಿಂದ ಒಬ್ಬರು ಬರುವ ಜಾಗ ಯಾವುದೋ ಅಲ್ಲಿ ಕೂತುಕೊಳ್ಳಿ.

ಪಟ್ಟಿ ತುಂಬಿದ ಮೇಲೆ ಎರಡು ಕಡೆ ಕಣ್ಣಿಡಬೇಕು. ಒಂದು, 2020ರಿಂದ 2022ರ ನಡುವಿನ ಮನೆಗಳು. ಕೊರೊನಾ ಹೊತ್ತಿನಲ್ಲಿ ಫೀಸು ಕಟ್ಟಲಾಗದವರು ಸರ್ಕಾರಿ ಶಾಲೆಗೆ ಬಂದರು. ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ಮತ್ತೆ ಹೋದರು. ನಮ್ಮೂರಿನದ್ದಷ್ಟೇ ಕಥೆಯಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ಸೇರಿದವರು 2018ರಲ್ಲಿ ಶೇ 65.6, 2022ರಲ್ಲಿ ಶೇ 72.9, 2024ರಲ್ಲಿ ಮತ್ತೆ ಶೇ 66.8. ಹಾಗಾಗಿ 2021ರ ಏರಿಕೆಗೆ ಹಾರ ಹಾಕಿಸಿಕೊಂಡ ಮುಖ್ಯ ಶಿಕ್ಷಕರೂ ತಪ್ಪು, 2023ರ ಇಳಿಕೆಗೆ ಬೈಸಿಕೊಂಡವರೂ ಪಾಪ.

ಎರಡನೆಯದು, ಐದರಿಂದ ಆರಕ್ಕೆ ದಾಟುವ ಜಾಗ. ಊರ ಶಾಲೆಯ ಲೆಕ್ಕದಲ್ಲಿ ದೊಡ್ಡ ಗುಂಡಿ ಇರುವುದು ಅಲ್ಲಿ, ಮತ್ತು ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ ವಿದ್ಯಾಲಯ, ಇವೆಲ್ಲ ಸರ್ಕಾರದ್ದೇ ಶಾಲೆಗಳು, ಎಲ್ಲವೂ ಆರನೇ ತರಗತಿಯಿಂದ ಶುರು. ಐದನೇ ತರಗತಿಯಲ್ಲಿ ಪ್ರವೇಶ ಪರೀಕ್ಷೆ. ಯಾರು ಪಾಸಾಗುತ್ತಾರೆ? ಚೆನ್ನಾಗಿ ಓದುವವರು. ನಮ್ಮ ಶಾಲೆಯ ಮೇಡಂ ಆ ಪರೀಕ್ಷೆಗೆಂದು ಸಂಜೆ ಒಂದು ಗಂಟೆ ಹೆಚ್ಚು ಕೂತು ಕಲಿಸುತ್ತಾರೆ. ಕಲಿಸಿದ್ದಕ್ಕೆ ಮೂವರು ಆಯ್ಕೆಯಾಗುತ್ತಾರೆ, ಊರಿಗೆಲ್ಲ ಪೇಡ ಹಂಚುತ್ತಾರೆ. ಜೂನ್‌ನಲ್ಲಿ ಆರನೇ ತರಗತಿಯಲ್ಲಿ ಆ ಮೂವರು ಇರುವುದಿಲ್ಲ. ಆಗ ಮೇಲಿನವರು ಬಂದು, “ಐದರಲ್ಲಿ ಚೆನ್ನಾಗಿದ್ದ ತರಗತಿ ಆರರಲ್ಲಿ ಯಾಕೆ ಕುಸಿಯಿತು” ಎಂದು ಅದೇ ಮೇಡಂ ಅವರನ್ನು ಕೇಳುತ್ತಾರೆ. ಪಾತ್ರೆಯ ಕೆನೆ ತೆಗೆದು ಕೊಟ್ಟವರನ್ನೇ ಹಾಲು ತೆಳ್ಳಗಾಯಿತೇಕೆ ಎಂದು ವಿಚಾರಿಸಿದ ಹಾಗೆ. ನಿಮ್ಮ ಪಟ್ಟಿಯಲ್ಲಿ ಇಂಥವರ ಹೆಸರಿನ ಮುಂದೆ ಬೇರೆ ಗುರುತು ಹಾಕಿ. ನಾನು ನಕ್ಷತ್ರ ಹಾಕಿದೆ. ಅವರು ಶಾಲೆ ಬಿಟ್ಟವರಲ್ಲ, ಶಾಲೆ ಕಳಿಸಿಕೊಟ್ಟವರು. ಸಭೆಯಲ್ಲಿ ಈ ನಕ್ಷತ್ರಗಳನ್ನು ತೋರಿಸಿದ ದಿನ ಮೇಡಂ ಕಣ್ಣು ಒರೆಸಿಕೊಂಡರು, ನನಗೂ ಮುಜುಗರವಾಯಿತು.

ಅದೇ ಜಾಗದಲ್ಲಿ ಇನ್ನೊಂದು ಬಾಗಿಲಿದೆ, ಒಳಗೆ ಬರುವವರದು. ನಮ್ಮ ಸುತ್ತಲಿನ ಹಟ್ಟಿಗಳಲ್ಲಿ ಐದರ ತನಕ ಮಾತ್ರ ಶಾಲೆ. ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದಕ್ಕೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್. ಹತ್ತು ವರ್ಷದ ಮಗು ಜೂನ್ ತಿಂಗಳಲ್ಲಿ ದಿಢೀರನೆ ಮೂರು ಕಿಲೋಮೀಟರ್ ನಡೆಯುವಷ್ಟು ದೊಡ್ಡದಾಗುತ್ತದೆ! 2025ರ ಬೇಸಿಗೆಯಲ್ಲಿ ಹಟ್ಟಿಯ ಶಾಲೆಗೆ ಹೋಗಿ ಐದು ಮುಗಿಸಿದವರ ಪಟ್ಟಿ ತಂದೆ. ಏಳು ಮಂದಿ. ಜೂನ್ ಕೊನೆಗೆ ನಮ್ಮ ಆರನೇ ತರಗತಿಗೆ ಬಂದವರು ನಾಲ್ವರು. ಒಬ್ಬ ಮೊರಾರ್ಜಿಗೆ ಹೋಗಿದ್ದ. ಇಬ್ಬರು ಹುಡುಗಿಯರು ಎಲ್ಲಿಯೂ ಇಲ್ಲ. ಒಬ್ಬಳು ಮರಿಗಳನ್ನು ನೋಡಿಕೊಳ್ಳುತ್ತಿದ್ದಳು, ಇನ್ನೊಬ್ಬಳು ತಮ್ಮನನ್ನು. ಹೆಂಗಸರಿಗೆ ಬಸ್ಸು ಉಚಿತ ನಿಜ, ಆದರೆ ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸು ಇರಬೇಕಲ್ಲ. ತಾಯಂದಿರ ಭಯ ದಾರಿಯ ಹಳ್ಳದ ಬಗ್ಗೆ. ನಮ್ಮ ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು ಅದೇ ಹಟ್ಟಿಯವರು, ದಿನವೂ ಅದೇ ದಾರಿಯಲ್ಲಿ ನಡೆದು ಬರುವವರು. “ಅಕ್ಕಾ, ಆ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಬಾ” ಎಂದೆ. “ಮೊದಲೇ ಹೇಳಿದ್ದರೆ ಮೊದಲ ದಿನವೇ ಕರೆತರುತ್ತಿದ್ದೆನಲ್ಲ” ಎಂದರು. ಜುಲೈ ಎರಡನೇ ವಾರ ಇಬ್ಬರೂ ಬಂದರು. ಹಾಗಾಗಿ ನಿಮ್ಮದು ಏಳು ಅಥವಾ ಎಂಟರವರೆಗಿನ ಶಾಲೆಯಾಗಿದ್ದರೆ ಸುತ್ತಲಿನ ಕಿರಿಯ ಶಾಲೆಗಳ ಐದನೇ ತರಗತಿ ಪಟ್ಟಿಯನ್ನು ಏಪ್ರಿಲ್‌ನಲ್ಲೇ ತಂದಿಟ್ಟುಕೊಳ್ಳಿ. ದಾಖಲಾತಿ ಆಂದೋಲನ ಎಂದು ಬ್ಯಾನರ್ ಹಿಡಿದು ಸುತ್ತುವುದಕ್ಕಿಂತ ಏಳು ಹೆಸರಿನ ಒಂದು ಚೀಟಿ ಮೇಲು.

ಒಂದನೇ ತರಗತಿಯ ಲೆಕ್ಕ ಸುಲಭ. ಅಂಗನವಾಡಿ ಕಾರ್ಯಕರ್ತೆಯ ಪುಸ್ತಕದಲ್ಲಿ ಪ್ರತಿ ಮಗುವಿನ ಹುಟ್ಟಿದ ದಿನ ಇರುತ್ತದೆ. ಮುಂದಿನ ಮೂರು ವರ್ಷ ಎಷ್ಟು ಮಕ್ಕಳು ಆರು ತುಂಬುತ್ತಾರೆ ಎಣಿಸಿ. ನಮ್ಮ ಊರಿನಲ್ಲಿ ನನ್ನ ವಯಸ್ಸಿನವರ ಮನೆಗಳಲ್ಲಿ ನಾಲ್ಕೈದು ಮಕ್ಕಳು, ಈಗ ಒಂದು ಎರಡು. ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹುಟ್ಟದ ಮಕ್ಕಳನ್ನು ಯಾವ ಮೇಷ್ಟರೂ ಸೇರಿಸಿಕೊಳ್ಳಲಾರರು. ಆದ್ದರಿಂದ ಎರಡು ಸಂಖ್ಯೆ ಬೇರೆ ಬೇರೆ ಬರೆಯಿರಿ: ಊರಿನಲ್ಲಿ ಆ ವಯಸ್ಸಿನ ಮಕ್ಕಳು ಎಷ್ಟು, ಅವರಲ್ಲಿ ನಮ್ಮ ಶಾಲೆಗೆ ಬಂದವರು ಎಷ್ಟು. ಮೊದಲನೆಯದು ಇಳಿದರೆ ಅದು ಕಾಲದ ಕೆಲಸ. ಎರಡನೆಯದು ಇಳಿದರೆ ನಾವು ಕೂತು ಯೋಚಿಸಬೇಕು. ವಯಸ್ಸಿನ ನಿಯಮವನ್ನೂ ನೋಡಿ: ಜೂನ್ 1ಕ್ಕೆ ಆರು ತುಂಬಿರಬೇಕು ಎಂಬುದನ್ನು 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು, ಅದೂ ಯುಕೆಜಿ ಮುಗಿಸಿದವರಿಗೆ.

ಇನ್ನು ಹಾಜರಿ. 58, 43, 51ರ ಗಂಟು ಬಿಡಿಸಬೇಕಲ್ಲ. ಒಂದು ದಿನ ಎಣಿಸಿದರೆ ಸಾಲದು. ಒಂದು ಸೋಮವಾರ, ಒಂದು ಸಂತೆಯ ದಿನ, ನಾಯಕನಹಟ್ಟಿ ತೇರಿನ ಮರುದಿನ, ಶೇಂಗಾ ಕೀಳುವ ತಿಂಗಳಲ್ಲಿ ಒಂದು ದಿನ, ಹೀಗೆ ನಾಲ್ಕೈದು ಸಲ ಹೋಗಿ. ಪ್ರಾರ್ಥನೆಗೆ ಒಮ್ಮೆ, ಊಟ ಆದ ಮೇಲೆ ಒಮ್ಮೆ ಎಣಿಸಿ. ನಾನು ಹೋದ ಗುರುವಾರ ಶೇಂಗಾ ಕಾಲ. ಆರು ಏಳರ ಹುಡುಗರು ಬೆಳಿಗ್ಗೆ ಹೊಲದಲ್ಲಿ ಕಾಯಿ ಬಿಡಿಸಿ, ಊಟದ ಹೊತ್ತಿಗೆ ಶಾಲೆಗೆ ಬಂದಿದ್ದರು. ಐವರು. ಉಳಿದ ಮೂವರು ಅಕ್ಕಂದಿರ ಸೆರಗು ಹಿಡಿದು ಬಂದ ಪುಟ್ಟ ತಮ್ಮ ತಂಗಿಯರು. ಅಡುಗೆಯವರು ಅವರಿಗೂ ತಟ್ಟೆ ಹಾಕಿದ್ದರು, ತಟ್ಟೆ ಎಣಿಸಿ ವಹಿಗೆ ಹೇಳಿದ್ದರು. 43, 5, 3 ಸೇರಿ 51. ನಿಯಮದ ಪ್ರಕಾರ ಪುಟ್ಟವರ ಊಟವನ್ನು ಹಾಗೆ ಬರೆಯುವಂತಿಲ್ಲ. ಸರಿ ಮಾಡಿಸಿದೆವು. ಆದರೆ ಹಸಿದ ಕೂಸಿಗೆ ಅನ್ನ ಹಾಕಿದ ಕೈಗೆ ನೋಟಿಸ್ ಕೊಡಿ ಎಂದವರ ಮಾತಿಗೆ ನಾನು ಸಹಿ ಹಾಕಲಿಲ್ಲ.

ಉಳಿದದ್ದು 58ಕ್ಕೂ 48ಕ್ಕೂ ನಡುವಿನ ಹತ್ತು. ಏಳು ಮಂದಿ ಆ ದಿನ ಬಾರದವರು, ಮನೆ ಮನೆಗೆ ಹೋಗಿ ನೋಡಿದೆ. ಮೂವರು ಊರಿನಲ್ಲೇ ಇಲ್ಲ, ಗುಳೆ ಹೋಗಿ ವರ್ಷವಾಗಿತ್ತು, ಹೆಸರು ಮಾತ್ರ ಪುಸ್ತಕದಲ್ಲಿ ಉಳಿದಿತ್ತು. ಯಾಕೆ ತೆಗೆಯಲಿಲ್ಲ ಎಂದರೆ ಮೇಷ್ಟರು ಸುಮ್ಮನೆ ಕಾಯ್ದೆಯ ಒಂದು ಸಾಲು ತೋರಿಸಿದರು. ಒಂದರಿಂದ ಐದರಲ್ಲಿ 60ರವರೆಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಆರರಿಂದ ಮೇಲೆ 35 ಮಕ್ಕಳಿಗೆ ಒಬ್ಬರು. ಮಕ್ಕಳು ಕಡಿಮೆಯಾದರೆ ಒಬ್ಬರನ್ನು ‘ಹೆಚ್ಚುವರಿ’ ಎಂದು ಬೇರೆ ಶಾಲೆಗೆ ಕಳಿಸುತ್ತಾರೆ. ಸುಳ್ಳು ಹೆಸರು ಅಕ್ಕಿ ಕದಿಯಲು ಮಾತ್ರ ಹುಟ್ಟುವುದಿಲ್ಲ, ಶಿಕ್ಷಕರನ್ನು ಉಳಿಸಿಕೊಳ್ಳುವ ಹೆದರಿಕೆಯಿಂದಲೂ ಹುಟ್ಟುತ್ತದೆ. ಆದರೂ ತೆಗೆಸಿದೆ. ಗುಳೆ ಹೋದ ಮಗುವಿನ ಹೆಸರು ಇಲ್ಲಿ ಇದ್ದಷ್ಟು ದಿನ ಅಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ. 58 ಹೋಗಿ 55 ಆಯಿತು. ಊರಿನ ಕೆಲವರು, ಅಧ್ಯಕ್ಷೆಯೇ ಶಾಲೆ ಮುಚ್ಚಿಸಲು ಹೊರಟಿದ್ದಾಳೆ ಎಂದರು.

ಈಗ ಕಲಿಕೆ. ಅಂಕಪಟ್ಟಿ ನೋಡಿ ಕಾಲ ಕಳೆಯಬೇಡಿ. ಎಲ್ಲರಿಗೂ ಎ, ಎ ಪ್ಲಸ್. ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ. ಅಸರ್‌ನವರು 2005ರಿಂದ ಹಳ್ಳಿಗಳಲ್ಲಿ ಮಾಡುತ್ತಿರುವ ಬಗೆ ಬಹಳ ಸರಳ, ಅದನ್ನೇ ಎರವಲು ಪಡೆಯಿರಿ. ಒಂದು ಹಾಳೆಯಲ್ಲಿ ಹತ್ತು ಅಕ್ಷರ. ಇನ್ನೊಂದರಲ್ಲಿ ಹತ್ತು ಸುಲಭ ಪದ. ಮೂರನೆಯದರಲ್ಲಿ ನಾಲ್ಕು ಸಣ್ಣ ವಾಕ್ಯ. ನಾಲ್ಕನೆಯದರಲ್ಲಿ ಎರಡನೇ ತರಗತಿ ಪುಸ್ತಕದ ಮಟ್ಟದ ಎಂಟು ಹತ್ತು ಸಾಲಿನ ಒಂದು ಕಥೆ. ವಾಕ್ಯಗಳಿಂದ ಶುರು ಮಾಡಿ. ಓದಿದರೆ ಕಥೆಗೆ ಹೋಗಿ, ತಡವರಿಸಿದರೆ ಪದಕ್ಕೆ ಇಳಿಯಿರಿ, ಅದೂ ಆಗದಿದ್ದರೆ ಅಕ್ಷರಕ್ಕೆ. ಲೆಕ್ಕಕ್ಕೆ ಎರಡು ಸಾಕು: 52ರಲ್ಲಿ 37 ಕಳೆಯುವಂಥ, ದಶಕದಿಂದ ಎರವಲು ಪಡೆಯಬೇಕಾದ ಒಂದು; 847ನ್ನು 6ರಿಂದ ಭಾಗಿಸುವಂಥ ಒಂದು.

ಹೇಳುವಷ್ಟು ಸುಲಭವಾಗಿ ನಡೆಯುವುದಿಲ್ಲ. ತರಗತಿಯೊಳಗೆ ಮಾಡಬೇಡಿ, ಕಿಟಕಿಯಲ್ಲಿ ಹತ್ತು ಮುಖ ಇಣುಕುತ್ತವೆ. ತಾಯಿಯನ್ನು ಪಕ್ಕದಲ್ಲಿ ಕೂರಿಸಬೇಡಿ, ಮಗು ತಪ್ಪುವ ಮೊದಲೇ ಅವಳ ಕೈ ಏಳುತ್ತದೆ. ಮಗು ತಪ್ಪಿದರೆ ತಿದ್ದಬೇಡಿ, “ಸರಿ, ಮುಂದೆ” ಎನ್ನಿ. ಕನ್ನಡದಲ್ಲಿ ಮಕ್ಕಳು ಎಡವುವ ಕಲ್ಲುಗಳು ಬೇರೆಯೇ ಇವೆ. ನಮ್ಮ ಆರು ಏಳರ ಹದಿನೇಳು ಮಕ್ಕಳಲ್ಲಿ ಅಕ್ಷರ ಬಾರದವರು ಯಾರೂ ಇರಲಿಲ್ಲ. ಕಾಗುಣಿತ ಬರುತ್ತಿತ್ತು. ಒತ್ತಕ್ಷರ ಬಂದ ಕೂಡಲೇ ಗಾಡಿ ನಿಲ್ಲುತ್ತಿತ್ತು. ‘ಅಕ್ಕ’, ‘ಅಮ್ಮ’ ಸರಾಗ, ಏಕೆಂದರೆ ಅವನ್ನು ಕಣ್ಣು ಓದುವ ಮೊದಲೇ ಬಾಯಿ ಹೇಳುತ್ತದೆ. ‘ಪುಸ್ತಕ’ ಎಂಬಲ್ಲಿ ಸ-ಗೆ ತ-ಒತ್ತು ಬಂದರೆ ‘ಪುಸಕ’. ‘ಮ’ ಮತ್ತು ‘ಯ’ ಅದಲು ಬದಲು. ಇದನ್ನು ಮೇಡಂ ಅವರಿಗೆ ಹೇಳುವಾಗ “ಮಕ್ಕಳಿಗೆ ಓದಲು ಬರುವುದಿಲ್ಲ” ಎನ್ನಬೇಡಿ; “ಎಂಟು ಮಕ್ಕಳು ವಿಜಾತೀಯ ಒತ್ತಕ್ಷರದಲ್ಲಿ ನಿಲ್ಲುತ್ತಿದ್ದಾರೆ” ಎನ್ನಿ. ಮೊದಲನೆಯದು ಬೈಗುಳ, ಎರಡನೆಯದನ್ನು ಹಿಡಿದು ನಾಳೆಯೇ ಪಾಠ ಮಾಡಬಹುದು.

ನಮ್ಮ ಕಡೆ ಮನೆಮಾತು ತೆಲುಗು ಆಗಿರುವ ಮಕ್ಕಳು ಅರ್ಧಕ್ಕರ್ಧ. ಅವರಲ್ಲಿ ಒಬ್ಬ ಹುಡುಗಿ ಕಥೆಯನ್ನು ಗಟಗಟನೆ ಓದಿದಳು. ಕಥೆಯಲ್ಲಿ ಏನಾಯಿತು ಎಂದರೆ ಮುಖ ನೋಡಿದಳು. ಇನ್ನೊಬ್ಬ ತಡವರಿಸುತ್ತಾ ಓದಿದವನು, ತೆಲುಗಿನಲ್ಲಿ ಹೇಳು ಎಂದಾಗ ಕಥೆಗೆ ಇಲ್ಲದ ಬಾಲವನ್ನೂ ಸೇರಿಸಿ ಹೇಳಿದ. ಇಬ್ಬರಿಗೂ ಒಂದೇ ಗುರುತು ಹಾಕಿದರೆ ತಪ್ಪಾಗುತ್ತದೆ, ಅದಕ್ಕೇ ನಾನು ‘ಓದಿದ’, ‘ಹೇಳಿದ’ ಎಂದು ಎರಡು ಮನೆ ಮಾಡಿದೆ. ಲೆಕ್ಕದಲ್ಲಿಯೂ ಹಾಗೇ. ಕುರಿ ಕಾಯುವ ಮನೆಯ ಹುಡುಗ ಹಾಳೆಯ ಮೇಲೆ 52ರಲ್ಲಿ 37 ಕಳೆದು 25 ಬರೆದ. “ಹನ್ನೆರಡು ಕೆ.ಜಿ. ರಾಗಿ, ಕೆ.ಜಿ.ಗೆ ಆರು ರೂಪಾಯಿ, ನೂರರ ನೋಟು ಕೊಟ್ಟೆ, ಚಿಲ್ಲರೆ ಎಷ್ಟು ಕೊಡಬೇಕು?” ಎಂದೆ. ಕಣ್ಣು ಮಿಟುಕಿಸದೆ “28” ಎಂದ. ಅವನಿಗೆ ಲೆಕ್ಕ ಬರುವುದಿಲ್ಲ ಎಂದು ಯಾರು ಹೇಳುತ್ತಾರೋ ಅವರು ಅವನ ಜೊತೆ ಕುರಿ ವ್ಯಾಪಾರಕ್ಕೆ ಹೋಗಿ ಬರಲಿ.

ಫಲಿತಾಂಶವನ್ನು ಶೇಕಡಾವಾರು ಬರೆಯಬೇಡಿ. ಒಂಬತ್ತು ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇ 11. ಒಬ್ಬನಿಗೆ ಜ್ವರ ಬಂದರೆ ಶಾಲೆ ‘ಕುಸಿಯುತ್ತದೆ’, ಒಬ್ಬಳು ಚುರುಕಿನ ಹುಡುಗಿ ವರ್ಗವಾಗಿ ಬಂದರೆ ‘ಗಣನೀಯ ಪ್ರಗತಿ’. ಒಂಬತ್ತರಲ್ಲಿ ಐವರು ಕಥೆ, ಇಬ್ಬರು ವಾಕ್ಯ, ಇಬ್ಬರು ಪದ ಎಂದು ಬರೆಯಿರಿ. ನಮ್ಮ ಏಳನೇ ತರಗತಿಯಲ್ಲಿ ಇದ್ದದ್ದು ಅಷ್ಟೇ.

ಮತ್ತು ಹೆಸರನ್ನು ಪುಸ್ತಕದಲ್ಲೇ ಮುಚ್ಚಿಡಿ. ನಾನು ಮಾಡಿದ ಅತಿ ದೊಡ್ಡ ತಪ್ಪು ಇಲ್ಲಿಯೇ. ಉತ್ಸಾಹದಲ್ಲಿ ಪೋಷಕರ ಸಭೆಯಲ್ಲಿ ಪಟ್ಟಿಯನ್ನು ಹೆಸರು ಹಿಡಿದು ಓದಿಬಿಟ್ಟೆ. ‘ಪದ’ ಎಂದು ಓದಿದ ಹುಡುಗ ಮರುದಿನದಿಂದ ಶಾಲೆಗೆ ಬರಲಿಲ್ಲ, ಒಂದು ವಾರ. ಅವನ ಅಪ್ಪನ ಎದುರು ಜಗಲಿಯ ಮೇಲೆ ಕೂತು ಕ್ಷಮೆ ಕೇಳಿದೆ. ಅವನು ಬಂದ. ಆದರೆ ಆಮೇಲೆ ಒಂದು ತಿಂಗಳು ಗಿರಣಿಗೆ ಹಿಟ್ಟು ಒಯ್ಯಲು ಅವನ ಅಕ್ಕನೇ ಬರುತ್ತಿದ್ದಳು.

ಕೊನೆಗೆ ದಿನಗಳ ಲೆಕ್ಕ. ಆರರಿಂದ ಎಂಟಕ್ಕೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ನಡೆಯಬೇಕು ಎಂದು ಕಾಯ್ದೆಯಲ್ಲಿದೆ. ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಪ್ರತ್ಯೇಕ ಶಿಕ್ಷಕರಿರಬೇಕು ಎಂದೂ ಇದೆ. ನಮ್ಮಲ್ಲಿ ಗಣಿತದ ಹುದ್ದೆ ಖಾಲಿ, ಅತಿಥಿ ಶಿಕ್ಷಕಿ ಜುಲೈನಲ್ಲಿ ಬಂದರು. ಶಾಲೆ ನಡೆದ ದಿನವನ್ನು ಬಿಟ್ಟು ಗಣಿತದ ಪಾಠ ನಡೆದ ದಿನವನ್ನು ಎಣಿಸಿ, ನನ್ನ ಮಗಳ ನೋಟ್‌ಬುಕ್ಕಿನ ತಾರೀಖುಗಳಿಂದಲೇ ನಾನು ಎಣಿಸಿದೆ. ಶಿಕ್ಷಕರನ್ನು ಎಲ್ಲಿಗೆಲ್ಲ ಕರೆದರು ಎಂಬುದನ್ನೂ ಬರೆದಿಡಿ: ತರಬೇತಿ, ಚುನಾವಣೆ, ಸಮೀಕ್ಷೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರು. ಅದು ಮುಗಿಯದ್ದಕ್ಕೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಸರ್ಕಾರಿ, ಅನುದಾನಿತ ಶಾಲೆಗಳಿಗೆ ವಿಸ್ತರಿಸಿದರು. ಆ ದಿನಗಳಲ್ಲಿ ಹೋಬಳಿಯ ಖಾಸಗಿ ಶಾಲೆಯ ವ್ಯಾನ್ ನಮ್ಮ ಶಾಲೆಯ ಗೇಟಿನ ಮುಂದೆಯೇ ಹಾರ್ನ್ ಹಾಕಿಕೊಂಡು ಹೋಗುತ್ತಿತ್ತು. ಆ ವರ್ಷದ ದಾಖಲಾತಿ ಇಳಿದರೆ ಯಾರನ್ನು ಕೇಳಬೇಕು?

ಈ ಎಲ್ಲ ಬರೆದ ಮೇಲೆ ಸಭೆಯಲ್ಲಿ ಕೇಳಬೇಕಾದದ್ದು ತಾನಾಗಿಯೇ ಸಣ್ಣದಾಗುತ್ತದೆ. “ಶಾಲೆ ಸುಧಾರಿಸಿ” ಎಂದು ಶಿಕ್ಷಣಾಧಿಕಾರಿ ಕಚೇರಿಗೆ ಬರೆದ ಪತ್ರಕ್ಕೆ ಉತ್ತರ ಬರುವುದಿಲ್ಲ. “ಗಣಿತ ಹುದ್ದೆ ಖಾಲಿ, ಅತಿಥಿ ಶಿಕ್ಷಕರನ್ನು ಜೂನ್ ಮೊದಲ ವಾರವೇ ಕೊಡಿ, ಹೋದ ವರ್ಷ ಇಷ್ಟು ದಿನ ಪಾಠ ನಡೆದಿಲ್ಲ, ದಿನಾಂಕಗಳ ಪಟ್ಟಿ ಲಗತ್ತಿಸಿದೆ” ಎಂದು ಬರೆದದ್ದಕ್ಕೆ ಬಂತು, ‘ಪರಿಶೀಲಿಸಲಾಗುವುದು’ ಎಂದಾದರೂ. ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಅದನ್ನೇ ಸೇರಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ. ಒತ್ತಕ್ಷರದ ಎಂಟು ಮಕ್ಕಳಿಗೆ ನಾವು ಯಾರನ್ನೂ ಕಾಯಲಿಲ್ಲ. ಗಿರಣಿ ನಿಲ್ಲಿಸಿದ ಮೇಲೆ ಸಂಜೆ ಐದರಿಂದ ಆರು, ಹೈಸ್ಕೂಲಿಗೆ ಹೋಗುವ ಇಬ್ಬರು ಹುಡುಗಿಯರು ಜಗಲಿಯಲ್ಲಿ ಓದಿಸಿದರು. ಗೋಧಿ ಚೀಲ, ರಸಗೊಬ್ಬರದ ಚೀಲ, ಬಿಸ್ಕತ್ತಿನ ಪೊಟ್ಟಣ, ಅಕ್ಷರ ಇರುವ ಯಾವುದಾದರೂ ಸರಿ. ಎರಡು ತಿಂಗಳ ಮೇಲೆ ಮತ್ತೆ ಅದೇ ಹಾಳೆ ಹಿಡಿದೆ. ಎಂಟರಲ್ಲಿ ಐವರು ಒಂದು ಮೆಟ್ಟಿಲು ಹತ್ತಿದ್ದರು, ಮೂವರು ಇದ್ದಲ್ಲೇ ಇದ್ದರು. ಆ ಮೂವರೂ ವಾರಕ್ಕೆ ಎರಡು ದಿನ ಶಾಲೆಗೇ ಬಾರದವರು ಎಂಬುದು ಹಾಜರಿ ಪುಟ ತಿರುಗಿಸಿದಾಗ ತಿಳಿಯಿತು.

ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯ ಭಾನುವಾರ ಇದನ್ನು ಮಾಡಿ. ಯು-ಡೈಸ್‌ಗೆ ಹೋಗುವ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಆಗ ತಾಳೆ ನೋಡಬಹುದು. ನನ್ನ ಪುಸ್ತಕದಲ್ಲಿ 2019-20ರ ಗುಂಪಿನಿಂದ ಹೋದ ಎಂಟು ಮಂದಿಯಲ್ಲಿ ಏಳು ಹೆಸರಿನ ಮುಂದೆ ಪದ ತುಂಬಿದೆ. ಅಜ್ಜಿ ಮನೆಗೆ ಹೋದ ಹುಡುಗಿಯ ಮುಂದೆ ಮಾತ್ರ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ಹಾಗೇ ಇದೆ. ಟಿ.ಸಿ. ಒಯ್ದಿಲ್ಲ, ಅಜ್ಜಿಯ ಊರಿನ ಶಾಲೆಯಲ್ಲಿ ಕೇಳಿದರೆ ಅಂಥವಳು ಇಲ್ಲಿ ಸೇರಿಲ್ಲ ಎಂದರು. ಅವಳ ಸೋದರಮಾವನ ಮೊಬೈಲ್ ಸಂಖ್ಯೆ ಮೊನ್ನೆ ರಾಗಿ ಹಾಕಿಸಲು ಬಂದವರೊಬ್ಬರಿಂದ ಸಿಕ್ಕಿದೆ. ಎರಡು ಸಲ ಮಾಡಿದೆ, ಎತ್ತಲಿಲ್ಲ. ಸಂಜೆ ಗಿರಣಿ ನಿಂತ ಮೇಲೆ ಇನ್ನೊಮ್ಮೆ ಮಾಡಬೇಕು.